ಬಿದರಿ ಡಬ್ಬಿಯ ಕಪ್ಪು

ಬಿದರಿ ಡಬ್ಬಿಗಳ ಹುಚ್ಚು ನನಗೆ ಹಿಡಿದು ಹದಿನೈದು ವರ್ಷವಾಯಿತು. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿ ಹೂಬಳ್ಳಿ ಬಿಡಿಸಿದ ಹಳೆಯ ಡಬ್ಬಿ ಎಲ್ಲಿ ಕಂಡರೂ ಅಲ್ಲೇ ಬೀಡುಬಿಡುತ್ತೇನೆ. ವಿಜಯನಗರದ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಹನ್ನೊಂದಿವೆ. ಯಾರಾದರೂ ಮುಟ್ಟಿದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಹೆಂಡತಿ ಆ ಕಪಾಟಿನ ಗೊಡವೆಗೇ ಹೋಗುವುದಿಲ್ಲ.

ಹನ್ನೆರಡನೆಯದು ಕಂಡದ್ದು ಪಕ್ಕದ ಆರ್‌ಪಿಸಿ ಲೇಔಟಿನಲ್ಲಿ, ಬೀದರ್ ಕಡೆಯ ಅಜ್ಜಿಯೊಬ್ಬರ ಮನೆಯಲ್ಲಿ. ಅಂಗೈಯಗಲದ ಅಡಕೆ ಡಬ್ಬಿ, ಮುಚ್ಚಳದ ತುಂಬ ಗಸಗಸೆ ಹೂ. ಅವರ ತವರಿನದು. ನಾಲ್ಕು ಸಲ ಹೋಗಿ ಕೇಳಿದೆ. ನಾಲ್ಕು ಸಲವೂ "ಕೊಡೂದಿಲ್ರೀ" ಎಂದು ಚಹಾ ಕುಡಿಸಿ ಕಳಿಸಿದರು. ಐದನೆಯ ಸಲ ಫೋಟೊ ತೆಗೆಯಲಿಕ್ಕೆಂದು ಗೋಗರೆದೆ, ಎರಡು ದಿನಕ್ಕೆ ಕೊಟ್ಟರು. ನನ್ನ ಜೋಪಾನ ನೋಡಿಯಾದರೂ ಮನಸ್ಸು ಕರಗೀತು ಎಂಬ ಆಸೆ ನನ್ನದು.

ಅಂದು ಆಯುಧಪೂಜೆಯ ಹಿಂದಿನ ದಿನ. ಡಬ್ಬಿಯನ್ನು ಊಟದ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಹಬ್ಬವೆಂದರೆ ನಮ್ಮಲ್ಲಿ ಮನೆಯ ಲೋಹವೆಲ್ಲ ಹುಣಸೆಹಣ್ಣಿನ ಪಾಲು. ಹೊರಬಂದರೆ ಹಿತ್ತಲಲ್ಲಿ ದೀಪದ ಕಂಬ, ತಂಬಿಗೆ, ಗಂಟೆಗಳ ಪಕ್ಕ ಅಜ್ಜಿಯ ಡಬ್ಬಿಯೂ ಒಣಗುತ್ತಿತ್ತು. ಕಪ್ಪೆಲ್ಲ ಹೋಗಿ ಹಳೆಯ ಅಲ್ಯೂಮಿನಿಯಂ ಪಾತ್ರೆಯಂತಾಗಿತ್ತು. ಆ ಬೂದು ಮೈಯಲ್ಲಿ ಬೆಳ್ಳಿ ಹೂವನ್ನು ಹುಡುಕಬೇಕಾಯಿತು.

"ಏನೇ ಮಾಡ್ಬಿಟ್ಟೆ ಇದನ್ನ!"

"ಕೊಟ್ಟೋರ ಮನೆಗೆ ಕೊಳಕಾಗಿ ವಾಪಸ್ ಕಳ್ಸಕ್ಕಾಗುತ್ತಾ? ತಿಕ್ಕಿ ತಿಕ್ಕಿ ಕೈ ಬಿದ್ದೋಯ್ತು. ನಿಮ್ಮವೂ ಹದಿನೈದು ವರ್ಷದಿಂದ ಕಪ್ಪಿಟ್ಟಿವೆ, ಕೊಡಿ, ಅವನ್ನೂ ಬೆಳಗ್ತೀನಿ."

ನಾನು ಕೂಗಾಡಿದ ರಭಸಕ್ಕೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಕೂಗಿ ಸುಸ್ತಾದ ಮೇಲೆ ನಾಚಿಕೆಯಾಯಿತು. ಮುಟ್ಟಬೇಡ ಎಂದಿದ್ದೆನೇ ಹೊರತು, ಆ ಕಪ್ಪೇ ಬಿದರಿಯ ಅಂದ ಎಂದು ಅವಳಿಗೆ ಒಂದು ದಿನವೂ ಹೇಳಿರಲಿಲ್ಲ.

ತಪ್ಪೊಪ್ಪಿಕೊಳ್ಳಲು ಇಬ್ಬರೂ ಹೋದೆವು. ಅಜ್ಜಿ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಮ್ಮ ಅತ್ತಿನೂ ಹಿಂಗೇ ತಿಕ್ಕಿದ್ದಳು. ಬೀದರ್‌ಕ ಒಯ್ರಿ. ಕಿಲ್ಲಾದ ಮಣ್ಣಾಗ ಕುದಿಸಿದ್ರ ಮತ್ತ ಕರ್ರಗ ಆಗ್ತದ."

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರೈಲು ಹತ್ತಿದೆ. ಬೀದರಿನ ಕುಶಲಕರ್ಮಿಯೊಬ್ಬರು ಕೋಟೆಯ ಹಳೇ ಮಣ್ಣು, ನವಸಾಗರದ ಉಪ್ಪು ಕಲಸಿದ ಕುದಿನೀರಿನಲ್ಲಿ ಅದನ್ನು ಅದ್ದಿದರು. ಲೋಹ ಕಪ್ಪಾಯಿತು, ಬೆಳ್ಳಿ ಹಾಗೇ ಉಳಿಯಿತು. ಹೂಗಳು ಮತ್ತೆ ಎದ್ದುಬಂದಾಗ ನನಗೆ ಹೋದ ಜೀವ ಬಂದಂತಾಯಿತು.

ಹಿಂದಿರುಗಿಸುವ ದಿನ ಹೆಂಡತಿಯೂ ಬಂದಳು. ಖಾಲಿ ಡಬ್ಬಿ ವಾಪಸ್ ಕೊಡಬಾರದೆಂದು ಅದರ ತುಂಬ ಏಲಕ್ಕಿ ತುಂಬಿದ್ದಳು. ಅಜ್ಜಿ ಮುಚ್ಚಳ ತೆರೆದು ಒಂದನ್ನು ಬಾಯಿಗೆ ಹಾಕಿಕೊಂಡು ನನ್ನತ್ತ ತಿರುಗಿದರು.

"ನಿಮ್ಮ ಹನ್ನೊಂದು ಡಬ್ಬಿಯೊಳಗ ಏನ್ ಇಟ್ಟೀರಿ?"

"ಏನೂ ಇಲ್ಲ ಅಜ್ಜಿ, ಖಾಲಿ."

ಅವರು ಮುಚ್ಚಳ ಹಾಕಿ ಡಬ್ಬಿಯನ್ನು ನನ್ನ ಹೆಂಡತಿಯ ಕೈಯಲ್ಲಿಟ್ಟರು. "ಇದು ನಿಂಗ, ತಂಗಿ. ನಂಗೂ ವಯಸ್ಸಾತು. ದಿನಾ ಬಳಸು."

"ಅಜ್ಜಿ, ಐದು ಸಲ ಕೇಳಿದ್ದು ನಾನು!"

"ಹೌದ್ರೀ, ಈಕಿ ಒಂದ್ ಸಲನೂ ಕೇಳಲಿಲ್ಲ."

ಮನೆಗೆ ಬರುವಾಗ ಆಟೋದಲ್ಲಿ ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಮೂಡಲಪಾಳ್ಯದ ತಿರುವಿನವರೆಗೂ ಮುಖ ಊದಿಸಿಕೊಂಡಿದ್ದು, ಕೊನೆಗೆ ಕೈ ಚಾಚಿ, ಒಂದು ಏಲಕ್ಕಿ ಕೊಡೇ ಎಂದೆ.