ಇನ್ನೊಂದು ತೋರ್ಸಿ

ಮಾವನವರು ಅಂಗಡಿಗೆ ಹೋಗುವುದು ಕೊಳ್ಳುವುದಕ್ಕಲ್ಲ, ತಪ್ಪು ಹುಡುಕುವುದಕ್ಕೆ ಎಂಬುದು ಸೊಸೆಗೆ ಮದುವೆಯಾದ ಹೊಸತರಲ್ಲೇ ಗೊತ್ತಾಗಿತ್ತು. ಕೊಡೆಯಾದರೆ ಅಂಗಡಿಯೊಳಗೇ ಬಿಚ್ಚಿ ಬೆಳಕಿಗೆ ಹಿಡಿಯುತ್ತಾರೆ. ಕುರ್ಚಿಯಾದರೆ ಅದರಲ್ಲಿ ಕೂತು ಇಡೀ ಪೇಪರು ಓದಿ ಮುಗಿಸುತ್ತಾರೆ. ಎಲ್ಲ ಆದ ಮೇಲೆ ಮೂಗು ಮುರಿದು ಒಂದೇ ಮಾತು: "ಇನ್ನೊಂದು ತೋರ್ಸಿ." ಮೊಮ್ಮಗಳಿಗೆಂದು ಕಾಲಿನಿಂದ ತಳ್ಳುವ, ಮಡಚಿಡುವ ಸ್ಕೂಟರ್ ನೋಡಲು ಹೋದ ದಿನವೂ ಅಂಗಡಿಯವನ ತಾಳ್ಮೆಯ ಪರೀಕ್ಷೆ ಸಾಂಗವಾಗಿ ನಡೆಯಿತು. ಒಂದರ ಚಕ್ರ ತಿರುಗಿಸಿ, ಕಿವಿಗೊಟ್ಟು ಕೇಳಿ, ಕರಕರ ಅನ್ನುತ್ತದೆ ಎಂದರು. ಇನ್ನೊಂದನ್ನು ಮಡಚಿ ಬಿಚ್ಚಿ, ಬಿಚ್ಚಿ ಮಡಚಿ, ಕೀಲಿನಲ್ಲಿ ಮಗುವಿನ ಬೆರಳು ಸಿಕ್ಕೀತೇನೋ ಎಂದು ತಮ್ಮ ಕಿರುಬೆರಳನ್ನೇ ತೂರಿಸಿ "ಅಯ್ಯಯ್ಯೋ" ಎಂದು ಚೀರಿದರು. "ಸಾಕು ಮಾವ, ಎಲ್ಲಾ ನಗ್ತಿದಾರೆ" ಎಂದಳು ಸೊಸೆ. "ನಗ್ಲಿ ಬಿಡಮ್ಮ, ಬೆರಳು ನಂದು ತಾನೆ?" ಮೂರನೆಯದು ಬಂತು. "ಇನ್ನೂ ಏಳೆಂಟು ವರ್ಷ ಓಡಿಸ್ಬಹುದು ಯಜಮಾನ್ರೆ" ಎನ್ನುತ್ತ ಅಂಗಡಿಯವನು ಅದರ ಹ್ಯಾಂಡಲನ್ನು ಪೂರ್ತಿ ಮೇಲಕ್ಕೆಳೆದು ನಿಲ್ಲಿಸಿದ. ಮಾವನವರು ಹ್ಯಾಂಡಲಿನ ಹಿಂದೆ, ತಮ್ಮ ಭುಜದ ಎತ್ತರದಲ್ಲಿ ಅಂಗೈ ಚಾಚಿ, ಅಲ್ಲಿಲ್ಲದ ತಲೆಯೊಂದನ್ನು ನೇವರಿಸುವವರಂತೆ ನಿಂತುಬಿಟ್ಟರು. "ಇಷ್ಟೆತ್ತರ ಆಗ್ತಾಳೆ ಅಲ್ವೇನಮ್ಮ?" ಸೊಸೆ ಹೂಂಗುಟ್ಟಿದಳು. ಅವರು ಹ್ಯಾಂಡಲನ್ನು ಮೆಲ್ಲಗೆ ಮಗುವಿನ ಈಗಿನ ಎತ್ತರಕ್ಕೆ ಇಳಿಸಿದರು. "ಇದೇ ಇರ್ಲಿ" ಎಂದರು. "ಇದನ್ನ ಮೇಲಕ್ಕೆತ್ತೋದು ಹೇಗೆ ಅಂತ ನೀನು ಸರಿಯಾಗಿ ನೋಡ್ಕೊಂಡಿರಮ್ಮ."