ಅವ್ವನ ಕಣ್ಣೀರು, ದೊಡ್ಡಪ್ಪನ ಭಾಷಣ

ನಮ್ಮ ದೊಡ್ಡಪ್ಪನಿಗೆ ಗೋಬರ್ ಗ್ಯಾಸ್ ಎಂದರೆ ಆಗುತ್ತಿರಲಿಲ್ಲ. ಸಿಟ್ಟು ಗ್ಯಾಸಿನ ಮೇಲಲ್ಲ, ಅದಕ್ಕೆ ಸರ್ಕಾರ ಕೊಡುತ್ತಿದ್ದ ಸಹಾಯಧನದ ಮೇಲೆ. ಎಪ್ಪತ್ತರ ದಶಕದ ನಡುವೆ ಸೀಮೆಎಣ್ಣೆ ತುಟ್ಟಿಯಾಗಿ, ದಿಲ್ಲಿಯವರ ಕಣ್ಣು ನಮ್ಮ ಕೊಟ್ಟಿಗೆಯ ಸಗಣಿಯ ಮೇಲೆ ಬಿದ್ದಿದ್ದ ಕಾಲ ಅದು. ಸಗಣಿ ಕಲಸಿ ಗುಂಡಿಗೆ ಬಿಟ್ಟರೆ ಒಲೆಗೆ ಗ್ಯಾಸು ಬರುತ್ತದೆ, ಗುಂಡಿ ಕಟ್ಟಿಸಲು ಸರ್ಕಾರ ಖರ್ಚಿನಲ್ಲಿ ಪಾಲು ಕೊಡುತ್ತದೆ ಎಂದು ಗ್ರಾಮಸೇವಕರು ಮನೆಮನೆಗೂ ಹೇಳಿಹೋಗಿದ್ದರು. ತಾಲ್ಲೂಕು ಬೋರ್ಡಿನ ಅಧ್ಯಕ್ಷರಾಗಿದ್ದ ದೊಡ್ಡಪ್ಪ ಅದನ್ನು ಕೇಳಿ ಕೆಂಡವಾದರು.

"ಐದು ಹಸ ಇರೋನ್ಗೆ ಸರ್ಕಾರದ ದುಡ್ಡು! ಒಂದು ಆಡೂ ಇಲ್ದೋನು ಬೆಂಕಿಪೊಟ್ಣದ ಮೇಲೂ ತೆರಿಗೆ ಕಟ್ಬೇಕು. ಇದ್ಯಾವ ನ್ಯಾಯ?"

ಆ ಮಾತಿನಲ್ಲಿ ಹುರುಳಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ತೊಂದರೆಯಾದದ್ದು, ಸಭೆಯಲ್ಲಿ ಆಡಬೇಕೆಂದಿದ್ದ ಆ ಭಾಷಣವನ್ನು ಅವರು ನಮ್ಮ ಅಡಿಗೆಮನೆಯ ಹೊಸ್ತಿಲ ಬಳಿ ಅಭ್ಯಾಸ ಮಾಡುತ್ತಿದ್ದುದರಿಂದ. ದೊಡ್ಡವ್ವ ತೀರಿಕೊಂಡ ಮೇಲೆ ಅವರ ಊಟ ನಮ್ಮಲ್ಲೇ. ತಟ್ಟೆ ಮುಂದಿಟ್ಟುಕೊಂಡು, ಒಂದು ಕೈಯಲ್ಲಿ ಮುದ್ದೆ ಮುರಿಯುತ್ತಾ, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು ಭಾಷಣ ಓದುತ್ತಿದ್ದರು. ಒಳಗೆ ಅವ್ವ ಹೊಗೆಸೊಪ್ಪಿನ ಕಡ್ಡಿಯ ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತಿರುತ್ತಿದ್ದಳು. ಆ ಕಡ್ಡಿಯ ಘಾಟು ಮೂಗಿಗೆ ಹತ್ತಿದವರಿಗೇ ಗೊತ್ತು.

ಆ ಕಾಲಕ್ಕೆ ನಮ್ಮ ಮನೆಯಲ್ಲಿ ಹೆಂಗಸರು ಗಂಡನ ಅಣ್ಣನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ಹುಡುಗಿ ನಾನೇ ಅವರಿಬ್ಬರ ನಡುವೆ ದುಭಾಷಿ. "ಮಗ, ಸಾರ್ಗೆ ಉಪ್ಪು ಕಮ್ಮಿ ಅಂತ ಹೇಳು ನಿಮ್ಮವ್ವಂಗೆ" ಎಂದು ಅವರು ಅನ್ನುವುದು, ಎರಡು ಮಾರು ದೂರದಲ್ಲಿದ್ದ ಅವ್ವ ಕೇಳಿಸಿಕೊಂಡರೂ ಕೇಳದಂತೆ ಇರುವುದು, ನಾನು ಹೋಗಿ ಅದನ್ನೇ ಮತ್ತೆ ಹೇಳುವುದು. ಅವ್ವ ನನ್ನ ಕಿವಿಯಲ್ಲಿ "ನಾಲ್ಗೆ ಭಾಷ್ಣದ ಮೇಲಿದ್ರೆ ಉಪ್ಪು ಎಲ್ಲಿ ಗೊತ್ತಾದದು" ಎಂದರೆ ನಾನು ಹೊರಗೆ ಬಂದು "ಹಾಕ್ಕೊಡ್ತಾಳಂತೆ ದೊಡ್ಡಪ್ಪ" ಎನ್ನುತ್ತಿದ್ದೆ. ನನ್ನ ಕೈಯಲ್ಲಿ ಇಬ್ಬರ ಮಾತೂ ನಯವಾಗುತ್ತಿತ್ತು. ಆ ಕಸುಬಿನ ಬಗ್ಗೆ ಹೆಮ್ಮೆಯೂ ಇತ್ತು.

ಒಂದು ದಿನ ಜಗಲಿಯಲ್ಲಿ ಕೈ ತೊಳೆಯುತ್ತಾ ದೊಡ್ಡಪ್ಪ ಮೆಲ್ಲಗೆ ಕೇಳಿದರು: "ನಾನು ಓದುವಾಗ ನಿಮ್ಮವ್ವ ಕಣ್ಣು ಒರೆಸ್ಕತಿದ್ಲಲ್ಲ, ಯಾಕ್ ಮಗ?"

ಹೊಗೆ ಎಂದರೆ ಮುಗಿಯುತ್ತಿತ್ತು. ಆದರೆ ಮೈಸೂರಿಗೆ ಹೋದಾಗಲೆಲ್ಲ ನನ್ನ ಜಡೆಗೆ ಟೇಪು ತರುತ್ತಿದ್ದವರು ಅವರು. "ನಿಮ್ಮ ಮಾತು ಕೇಳಿ, ದೊಡ್ಡಪ್ಪ" ಎಂದುಬಿಟ್ಟೆ. ಅವರ ಮುಖ ಅರಳಿತು. ಅವತ್ತಿನಿಂದ ಭಾಷಣ ಉದ್ದವಾಯಿತು, ಅಭ್ಯಾಸ ಎರಡು ಹೊತ್ತಿಗೂ ಬಂತು.

ಅಷ್ಟರಲ್ಲಿ ಅವ್ವನ ಎಡಗಣ್ಣು ಕೆಂಪಾಗಿ, ಮಂಜಾಗತೊಡಗಿತು. ಕೃಷ್ಣರಾಜನಗರದ ಡಾಕ್ಟರು ಕಣ್ಣಿಗೆ ಮದ್ದು ಬಿಟ್ಟು, ಹೊಗೆಯ ಮುಂದೆ ಕೂರಬೇಡಿ, ಹೀಗೇ ಆದರೆ ಈ ಕಣ್ಣು ಉಳಿಯುವುದಿಲ್ಲ ಎಂದರು. ಅಪ್ಪ ಗೋಬರ್ ಗ್ಯಾಸಿನ ಅರ್ಜಿ ತಂದರು. ತಂದವರು ಅಣ್ಣನ ಹೆದರಿಕೆಗೆ ಅದನ್ನು ಮಡಚಿ ಅಟ್ಟದ ಪೆಟ್ಟಿಗೆಯೊಳಗೆ ಇಟ್ಟರು. ಕಣ್ಣಿನ ವಿಷಯ ದೊಡ್ಡಪ್ಪನಿಗೆ ಹೇಳುವವರೇ ಇಲ್ಲ. ಹೇಳಬೇಕಾದವಳು ನಾನು, ಹೇಳಿದರೆ ನನ್ನ ಸುಳ್ಳು ಬಯಲಾಗುತ್ತದೆ.

ಭೇರ್ಯದಲ್ಲಿ ಸಭೆಯಾಯಿತು. ಹೆಂಗಸರ ಸಾಲಿನಲ್ಲಿ ನಾನೂ ಅವ್ವನೂ ಕೂತಿದ್ದೆವು. ದೊಡ್ಡಪ್ಪ ಮೈಕಿನ ಮುಂದೆ ನಿಂತು ಗುಡುಗಿದರು: "ಈ ಸಾಯಧನ ಬ್ಯಾಡ ಅಂತ ನಾನೊಬ್ಬನೇ ಯೋಳ್ತಿಲ್ಲ. ನನ್ನ ತಮ್ಮನ ಎಂಡ್ತಿ, ಓದು ಬರ ಕಾಣ್ದೋಳು, ಈ ಮಾತು ಕೇಳಿ ದಿನಾ ಎಲ್ಡು ಒತ್ತೂ ಕಣ್ಣೀರಾಕ್ತಾವ್ಳೆ!"

ಜನ ಚಪ್ಪಾಳೆ ತಟ್ಟಿದರು. ಅವ್ವ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಚಪ್ಪರದ ಗಳುಗಳನ್ನು ಎಣಿಸತೊಡಗಿದೆ. ಗಾಡಿಯಲ್ಲಿ ಮನೆ ಮುಟ್ಟುವವರೆಗೂ ನನ್ನ ತೋಳು ಅವಳ ಚಿವುಟಿನಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ದೊಡ್ಡಪ್ಪ ಕಾಫಿಗೆ ಬಂದು ಕೂತರು. ಅವ್ವ ಹೊಸ್ತಿಲಿಗೆ ಬಂದಳು. ನಾನು ದುಭಾಷಿಯ ಜಾಗದಲ್ಲಿ ನಿಂತೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಬಾವ, ನಾನು ಅತ್ತಿದ್ದು ನಿಮ್ಮ ಮಾತ್ಗಲ್ಲ, ಒಲೆ ಒಗೆಗೆ. ಈ ಕಣ್ಣು ಓಯ್ತದೆ ಅಂತ ಡಾಕ್ಟ್ರು ಅಂದವ್ರೆ."

ಮದುವೆಯಾಗಿ ಬಂದ ಮೇಲೆ ಅವಳು ಅವರೊಂದಿಗೆ ಆಡಿದ ಮೊದಲ ಮಾತು ಅದು. ದೊಡ್ಡಪ್ಪ ಅವಳ ಕಣ್ಣನ್ನು ನೋಡಿದರು, ಆಮೇಲೆ ನನ್ನನ್ನು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅವರು ಹಟವನ್ನೂ ಬಿಡಲಿಲ್ಲ, ಅವ್ವನನ್ನೂ ಕೈಬಿಡಲಿಲ್ಲ. "ಸರ್ಕಾರದ ಕಾಸು ಮುಟ್ಬ್ಯಾಡ ಕಣ್ಲಾ, ನಾನೇ ಕಟ್ಟುಸ್ತೀನಿ" ಎಂದು ಅಪ್ಪನಿಗೆ ಹೇಳಿ, ಸ್ವಂತ ಖರ್ಚಿನಲ್ಲಿ ಗುಂಡಿ ತೋಡಿಸಿದರು. ದಸರೆಯ ಹೊತ್ತಿಗೆ ಅಡಿಗೆಮನೆಯಲ್ಲಿ ನೀಲಿ ಉರಿ ಬಂತು. ಅವ್ವ ಅದರ ಮುಂದೆ ಸುಮ್ಮನೆ ಕೂತು ನೋಡಿದ್ದನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ.

ದೊಡ್ಡಪ್ಪ ಹೊಸ ಭಾಷಣ ತಂದರು. "ನಾನು ಒಂದ್ಪೈಸ ಸಾಯಧನ ಇಲ್ದೆ ತಮ್ಮನ ಮನೇಲಿ ಗ್ಯಾಸ್ ಉರ್ಸಿವ್ನಿ. ಎಲ್ರೂ ಅಂಗೇ ಮಾಡ್ಲಿ!" ಓದಿ ಮುಗಿಸಿ, ಹಳೆಯ ಅಭ್ಯಾಸದಂತೆ ನನ್ನ ಕಡೆ ತಿರುಗಿ, "ಎಂಗಿತ್ತು ಅಂತ ಕೇಳು ಮಗ ನಿಮ್ಮವ್ವನ್ನ" ಎಂದರು.

ಈ ಸಲ ನಾನೇ ಪಕ್ಕಕ್ಕೆ ಸರಿದೆ. ಅವ್ವ ಮುದ್ದೆ ತಿರುವುತ್ತಿದ್ದ ಕೋಲನ್ನು ನಿಲ್ಲಿಸಿ, ಒಣಗಿದ ಕಣ್ಣಿಂದ ಅವರನ್ನು ನೋಡಿದಳು. ಎಡಗಣ್ಣಿನ ಮಂಜು ಹೋಗಿರಲಿಲ್ಲ, ಕೊನೆಯವರೆಗೂ ಹೋಗಲಿಲ್ಲ. ಆ ಮಂಜಿನಲ್ಲಿ ನನ್ನ ಸುಳ್ಳಿನ ಪಾಲೂ ಇದೆ.

"ಚೆಂದಾಗದೆ ಬಾವ," ಎಂದಳು. "ಆದ್ರೆ ಊರಿನ ಎಂಗಸ್ರಿಗೆಲ್ಲ ನಿಮ್ಮಂಥ ಬಾವನ್ನ ಎಲ್ಲಿಂದ ತರದು?"

ದೊಡ್ಡಪ್ಪ ಕಾಗದವನ್ನು ಮಡಚಿ ಜೇಬಿಗಿಟ್ಟರು. ಮುದ್ದೆ ಮುರಿದು, ಆವತ್ತು ಭಾಷಣವಿಲ್ಲದೆ ಉಂಡರು.