ಸರೋವರಕ್ಕೆ ಹಲ್ಲುಗೊಟ್ಟು ಕೇಳುವ ಮಕ್ಕಳು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹೆಪ್ಪುಗಟ್ಟಿದ ಬಾಲ್ಖಾಶ್ ಸರೋವರದ ಮೇಲೆ ಏಳು ಮಕ್ಕಳು ಬೋರಲಾಗಿ ಮಲಗಿದ್ದಾರೆ. ಮೈಯಡಿ ಕುರಿಯುಣ್ಣೆಯ ದಪ್ಪ ಹಾಸು. ಪ್ರತಿಯೊಬ್ಬರ ಬಾಯಲ್ಲೂ ಒಂದು ಮೋಟು ಕೋಲು. ಅದರ ಒಂದು ತುದಿ ಹಲ್ಲುಗಳ ನಡುವೆ, ಇನ್ನೊಂದು ತುದಿ ಮಂಜುಗಡ್ಡೆಗೆ ಊರಿದೆ. ಕಿವಿಗಳು ಟೋಪಿಯೊಳಗೆ ಮುಚ್ಚಿಹೋಗಿವೆ. ಕಣ್ಣು ಬಿಡುವಂತಿಲ್ಲ, ಮಾತಾಡುವಂತಿಲ್ಲ. ಹೊಸಬರು ದಡದಿಂದ ನೋಡಿದರೆ ಹೆದರಿ ಓಡಿಬರಬೇಕು. ಯಾರೋ ಏಳು ಹೆಣಗಳನ್ನು ಸಾಲಾಗಿ ಮಲಗಿಸಿ ಹೋದಂತೆ.

ಸಾಲಿನ ತುದಿಯಲ್ಲಿ ಮಂಡಿಯೂರಿ ಕೂತವರು, ಊರಿಗೆಲ್ಲ ಹಿರಿಯಕ್ಕನಂತಿರುವ ಕುಲ್ಯಾಶ್ ಆಪಾ. ಅವರ ಬಾಯಲ್ಲೂ ಒಂದು ಕೋಲು.

ಎಲ್ಲೋ ದೂರದಲ್ಲಿ ಏನೋ ಬಿರಿಯುತ್ತದೆ. ಬಿಗಿದ ತಂತಿಯನ್ನು ಉಗುರಿನಿಂದ ಮೀಟಿದ ಹಾಗೆ ಒಂದು ಸಣ್ಣ ಸಿಳ್ಳು, ಅದರ ಬೆನ್ನಿಗೇ ಹೊಟ್ಟೆಯಾಳದಿಂದ ಹೊರಟಂಥ ಗೂಳಿಯ ಗುಟುರು. ನಾವು ನಿಂತ ನೆಲವೇ ಒಮ್ಮೆ ಉಸಿರೆಳೆದುಕೊಂಡಂತಾಗುತ್ತದೆ. ಮಕ್ಕಳ ಕೈಗಳು ಒಂದೊಂದಾಗಿ ಮೇಲೇಳುತ್ತವೆ; ದನಿ ಬಂದ ದಿಕ್ಕನ್ನು ಕಣ್ಣುಮುಚ್ಚಿಯೇ ತೋರಿಸಬೇಕು. ಒಬ್ಬ ಪಡುವಣಕ್ಕೆ ತೋರಿಸಿದರೆ ಇನ್ನೊಬ್ಬಳು ದಡದ ಮೀನಿನ ಉಗ್ರಾಣದ ಕಡೆಗೆ ತೋರಿಸುತ್ತಾಳೆ.

"ಎಲ್ಲಿ ಕೇಳಿಸ್ತು ಹೇಳ್ರೋ," ಎನ್ನುತ್ತಾರೆ ಆಪಾ, ಕೋಲು ಬಾಯಿಂದ ತೆಗೆದು.

"ನನ್ನ ದವಡೆ ಹಲ್ಲಿಂದ ಹೊಕ್ಕು ಮೂಗಿಂದ ಹೊರಟೋಯ್ತು ಆಪಾ," ಎನ್ನುತ್ತಾನೆ ಕೊರಿಯನ್ನರ ಮನೆಯ ವೀತ್ಯಾ.

"ಮಧ್ಯೆ ತಡೆಯೋಕೆ ನಿನ್ನ ತಲೇಲಿ ಏನಾದ್ರೂ ಇದ್ರೆ ತಾನೆ," ಎನ್ನುತ್ತಾಳೆ ಪಕ್ಕದ ಎಮ್ಮಾ. ಅವಳ ಮುತ್ತಜ್ಜಿ ವೋಲ್ಗಾ ನದಿಯ ದಂಡೆಯಿಂದ ಇಲ್ಲಿಗೆ ಗಡೀಪಾರಾಗಿ ಬಂದ ಜರ್ಮನ್ ಹೆಂಗಸು.

ಕುಲ್ಯಾಶ್ ಆಪಾರ ನಿಜವಾದ ಕೆಲಸ ಮಕ್ಕಳಿಗೆ ಸಂಬಂಧಿಸಿದ್ದಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸರೋವರದ ನೀರಿನ ಮಟ್ಟ ನೋಡಿ, ಚಳಿಗಾಲದಲ್ಲಿ ಗಡ್ಡೆಯ ದಪ್ಪ ಅಳೆದು, ಪಟ್ಟಣದ ಕಚೇರಿಗೆ ಫೋನಿನಲ್ಲಿ ಹೇಳುವುದು. ನಮ್ಮೂರು ಅಕ್ಕೆಮೆಯಲ್ಲಿ ಮೀನಿನ ಕಾರ್ಖಾನೆ ಮುಚ್ಚಿದ ವರ್ಷ ಸಿಕ್ಕ ಕೆಲಸವದು. ಫೋನಿನ ಆ ಕಡೆ ಇರುವವರು ಇಷ್ಟು ವರ್ಷಗಳಲ್ಲಿ ಅವರ ಮುಖ ನೋಡಿಲ್ಲ. ಅಳತೆಗೆ ಹೊರಟಾಗ ಮಕ್ಕಳು ಬೆನ್ನಿಗೆ ಬಿದ್ದರು. ಗಡ್ಡೆಯ ಕೆಳಗಿರುವ ಗೂಳಿಯನ್ನು ತೋರಿಸು ಎಂದು ಕಾಡಿದರು. ಇಲ್ಲಿನ ಕಜಕ್ ಮನೆಗಳಲ್ಲಿ ಅಳುವ ಮಕ್ಕಳನ್ನು ಸುಮ್ಮನಾಗಿಸುವುದು ಆ ಗೂಳಿಯ ಹೆಸರು ಹೇಳಿಯೇ.

"ಗೂಳಿ ಇಲ್ಲ ಅಂತ ಹೇಳಿದ್ರೆ ನಂಬ್ತಾವಾ? ಹೋಗಿ ಮನೇಲಿ ಕೇಳ್ಕೊಂಡು ಬನ್ನಿ, ಯಾರ್ಯಾರು ಏನೇನ್ ಅಂತಾರೆ ನೋಡೋಣ ಅಂದೆ," ಎನ್ನುತ್ತಾರೆ ಆಪಾ, ಹಾಲು ಹಾಕಿದ ಚಹಾ ಸುರಿಯುತ್ತ. ವೀತ್ಯಾನ ಅಜ್ಜಿ ಅದು ಗೂಳಿಯಲ್ಲ, ಗಡ್ಡೆಯನ್ನು ಉಳುತ್ತಿರುವ ಡ್ರ್ಯಾಗನ್ ಎಂದಳು. ಬಿರುಕು ಹೋದ ದಿಕ್ಕು ನೋಡಿ ಆ ವರ್ಷದ ಬೆಳೆ ಹೇಳುತ್ತಿದ್ದರಂತೆ ಅವಳ ಹಿರಿಯರು. ಎಮ್ಮಾಳ ಮನೆಯಲ್ಲಿ ಅದಕ್ಕೆ ನದಿ ಮಗ್ಗುಲು ಬದಲಿಸುವ ಸದ್ದು ಎಂದು ಹೆಸರು. "ಒಂದೇ ಸದ್ದು, ಮನೆಗೊಂದು ಪ್ರಾಣಿ. ಆಮೇಲೆ ನಾನು ಕೋಲು ಕೊಟ್ಟೆ. ಹಲ್ಲಲ್ಲಿ ಕಚ್ಚಿದ್ರೆ ಸದ್ದು ಮೂಳೆ ಹಿಡ್ಕೊಂಡು ಒಳಗೆ ಬರುತ್ತೆ. ಬಿರುಕು ದೂರದಲ್ಲಿ ಬಿಟ್ರೆ ತೆಳ್ಳನೆ ದನಿ ಮುಂದೆ ಓಡ್ಬರುತ್ತೆ, ದಪ್ಪ ದನಿ ಹಿಂದೆ ಏದುಸಿರು ಬಿಡ್ತಾ ಬರುತ್ತೆ. ಅದನ್ನ ಮಕ್ಕಳೇ ಕಂಡ್ಕೊಂಡ್ರು."

ಬಿಸಿಲೇರುವ ಮೊದಲು ಗಡ್ಡೆ ಹೆಚ್ಚು ಮಾತಾಡುತ್ತದೆ. ಆದ್ದರಿಂದ ರಜೆಯ ದಿನ ಮಕ್ಕಳು ನಸುಕಿನಲ್ಲೇ ಎದ್ದು ಬರುತ್ತಾರೆ. ಊರಿನಲ್ಲಿ ಎಲ್ಲರಿಗೂ ಇದು ಹಿಡಿಸಿಲ್ಲ. ಸತ್ತವರ ಮೇಲೆ ಮಕ್ಕಳನ್ನು ಮಲಗಿಸುತ್ತಾಳೆ ಎಂದವರಿದ್ದಾರೆ. ಸರೋವರ ನುಂಗಿದವರೆಲ್ಲರನ್ನೂ ಮರಳಿ ಕೊಟ್ಟಿಲ್ಲ, ನಿಜ.

ಮೋಲ್ದಿರ್‌ಗೆ ಈಗ ಹತ್ತು ವರ್ಷ; ಆ ಏಳು ಮಕ್ಕಳಲ್ಲಿ ಅವಳೂ ಒಬ್ಬಳು. ಅವಳ ಅಪ್ಪ ಜಕ್ಸಿಲಿಕ್ ಕೆಲವು ವರ್ಷಗಳ ಹಿಂದೆ ಗಡ್ಡೆ ಕರಗುವ ಹೊತ್ತಿನಲ್ಲಿ ಮೋಟಾರು ಬೈಕಿನ ಸಮೇತ ಒಂಟೆಮೂತಿ ಬಂಡೆಯ ಹತ್ತಿರ ಮುಳುಗಿದ. ಬೈಕು ಸಿಕ್ಕಿತು, ಅವನು ಸಿಗಲಿಲ್ಲ. ತಾಯಿ ಶೋಲ್ಪನ್ ಎದುರು ದಡದಲ್ಲಿ ಮೀನು ವಿಂಗಡಿಸುವ ಕೆಲಸಕ್ಕೆ ಹೋಗುತ್ತಾಳೆ. ಚಳಿಗಾಲದಲ್ಲಿ ದಾರಿಯೆಂದರೆ ಗಡ್ಡೆಯೇ. ಕಾಬಿಲ್ ಎಂಬವನ ಲಾರಿ ಒಂಟೆಮೂತಿಯ ಬದಿಯಿಂದಲೇ ಹೆಂಗಸರನ್ನು ಸಾಗಿಸುತ್ತದೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಸದ್ದು ಬಂತು. ಯಾವತ್ತೂ ನಾಲ್ಕು ದಿಕ್ಕಿಗೆ ಚೆದುರುವ ಕೈಗಳು ಅಂದು ಚೆದುರಲಿಲ್ಲ. ಕಣ್ಣುಮುಚ್ಚಿದ ಏಳೂ ಮಕ್ಕಳ ಬೆರಳು ಒಂಟೆಮೂತಿಯ ಕಡೆಗೇ ಚಾಚಿತ್ತು. ಆಪಾ ನೋಡಿದರೆ ತಮ್ಮ ಕೈಯೂ ಅತ್ತಲೇ ಎದ್ದಿದೆ.

"ನಾನು ಎತ್ತಿದ್ದು ನನಗೇ ಗೊತ್ತಾಗ್ಲಿಲ್ಲ," ಎನ್ನುತ್ತಾರೆ ಅವರು. "ಇನ್ನೊಂದು ಸಲ ಕೇಳೋಣ ಅಂದೆ. ಮತ್ತೂ ಅಲ್ಲಿಂದ್ಲೇ. ಆ ಸದ್ದಿಗೆ ತೆಳ್ಳನೆ ದನಿಯೇ ಇರ್ಲಿಲ್ಲ. ಟೊಳ್ಳು ಮರದೊಳಗೆ ಯಾರೋ ಗೊಣಗಿದ ಹಾಗೆ. ಆಮೇಲೆ ಮೋಲ್ದಿರ್ ಕೋಲು ಬಾಯಿಂದ ತೆಗೆದು, 'ಅಪ್ಪ ಬರಬೇಡ ಅಂತಿದಾನೆ' ಅಂದ್ಳು."

ವೀತ್ಯಾ ನಗಲು ಹೋಗಿ ಕೋಲನ್ನು ಮತ್ತೆ ಕಚ್ಚಿಕೊಂಡ. ಆಪಾ ಅದು ಬರೀ ಗಡ್ಡೆ ಎನ್ನಲಿಲ್ಲ, ಹೌದು ನಿನ್ನ ಅಪ್ಪನೇ ಎಂದೂ ಹೇಳಲಿಲ್ಲ. "ಎಷ್ಟು ಸಲ ಅಂದ?" ಎಂದಷ್ಟೇ ಕೇಳಿದರು. "ಒಂದೇ ಸಲ. ಆದ್ರೆ ಉದ್ದಕ್ಕೆ," ಎಂದಳು ಹುಡುಗಿ.

ಮಧ್ಯಾಹ್ನ ಶೋಲ್ಪನ್ ಆಪಾರ ಮನೆಯ ಬಾಗಿಲು ದೂಡಿಕೊಂಡು ಬಂದಳು. ಆ ಜಗಳವನ್ನು ಈಗ ಇಬ್ಬರೂ ಸೇರಿಯೇ ಹೇಳುತ್ತಾರೆ.

"ನನ್ನ ಮಗಳಿಗೆ ಸತ್ತವರ ಮಾತು ಕೇಳೋದು ಕಲಿಸ್ತಿದೀಯಾ? ಇಷ್ಟು ದಿನ ಆಪಾ ಆಪಾ ಅಂತಿದ್ದೆ. ಇನ್ನು ನನ್ನ ಹೊಸ್ತಿಲು ತುಳೀಬೇಡ."

"ಬೈಯೋದು ಆಮೇಲೆ ಬೈಯಮ್ಮ. ನಾಳೆ ಲಾರೀಲಿ ಹೋಗ್ತೀಯಾ?"

"ಹೋಗದೆ? ನೀನು ಊಟ ಹಾಕ್ತೀಯಾ?"

"ಹಾಗಾದ್ರೆ ಈಗ ನನ್ನ ಜೊತೆ ಬಾ. ಗಡ್ಡೆ ಕೊರೆಯೋ ಬೈರಿಗೆ ಹೊತ್ಕೋ."

ಗಂಡ ಮುಳುಗಿದ ಜಾಗಕ್ಕೆ ಅವಳು ಕಾಲ್ನಡಿಗೆಯಲ್ಲಿ ಹೋದದ್ದು ಅದೇ ಮೊದಲು. ಲಾರಿಯಲ್ಲಿ ಹೋಗುವಾಗ ಆ ಕಡೆ ಮುಖ ತಿರುಗಿಸಿ ಕೂರುತ್ತಿದ್ದಳು. ಚಕ್ರದ ಗುರುತಿನ ಮೇಲೆ ಹಿಮ ಬೆಳ್ಳಗೆ, ಗಟ್ಟಿಯಾಗಿ ಕಾಣುತ್ತಿತ್ತು. ಆಪಾ ಸೊಂಟಕ್ಕೆ ಹಗ್ಗ ಕಟ್ಟಿ ತುದಿಯನ್ನು ಶೋಲ್ಪನ್‌ಗೆ ಕೊಟ್ಟು ಬೈರಿಗೆ ತಿರುಗಿಸಿದರು. ತೋಳುದ್ದ ಕೊರೆಯಬೇಕಾಗಿದ್ದ ಜಾಗದಲ್ಲಿ ಬೈರಿಗೆ ಗೇಣುದ್ದ ಇಳಿಯುವಷ್ಟರಲ್ಲಿ ಸರಕ್ಕನೆ ಜಾರಿತು. ತೂತಿನಿಂದ ನೀರು ಉಕ್ಕಲಿಲ್ಲ. ಗಾಳಿ ಬಂತು. ಕೆಳಗೆ ಒಂದು ಪೊಳ್ಳು, ಅದರಾಚೆ ಎಲ್ಲೋ ಕಪ್ಪು ನೀರು ಸದ್ದು ಮಾಡುತ್ತ ಹರಿಯುತ್ತಿತ್ತು. ಸರೋವರದ ತಳದ ಒರತೆ ದಾರಿ ಬದಲಿಸಿ ಗಡ್ಡೆಯನ್ನು ಅಡಿಯಿಂದ ತಿಂದಿರಬೇಕು ಎನ್ನುತ್ತಾರೆ ಆಪಾ.

"ಅವಳು ತೂತಿನ ಹತ್ರ ಬಗ್ಗಿದ್ಳು. ನಾನು ಬೇಡ ಅನ್ಲಿಲ್ಲ. 'ಜಕ್ಸಿಲಿಕ್' ಅಂತ ಕರೆದ್ಳು. ಕೆಳಗಿಂದ ಅವಳ ದನಿಯೇ ವಾಪಸ್ ಬಂತು. ಆದ್ರೆ ಸ್ವಲ್ಪ ತಡೆದು ಬಂತು ನೋಡಿ."

ಇಬ್ಬರೂ ಕತ್ತಲಾಗುವುದರೊಳಗೆ ಜೊಂಡಿನ ಕಟ್ಟುಗಳನ್ನು ಎಚ್ಚರಿಕೆಗೆಂದು ಸುತ್ತ ನೆಟ್ಟು ಮರಳಿದರು. ಮರುದಿನ ದಡದಲ್ಲಿ ಅಡ್ಡ ಬಂದ ಆಪಾರನ್ನು ನೋಡಿ ಕಾಬಿಲ್ ಲಾರಿ ನಿಲ್ಲಿಸಿ ನಕ್ಕ. "ಏನ್ ಆಪಾ, ಮಕ್ಕಳ ಹಲ್ಲುನೋವಿಗೆಲ್ಲ ನಾನು ದಾರಿ ಬದಲಿಸ್ಲಾ? ಸುತ್ತಿ ಹೋದ್ರೆ ಡೀಸೆಲ್ ನೀನು ಕೊಡ್ತೀಯಾ?" ಅಷ್ಟರಲ್ಲಿ ಶೋಲ್ಪನ್ ಹೋಗಿ ಲಾರಿಯ ಮುಂದೆ ನಿಂತಿದ್ದಳು. "ಹೋಗೋದಾದ್ರೆ ನನ್ನ ಮೇಲೇ ಹತ್ತಿಸ್ಕೊಂಡು ಹೋಗು. ನಮ್ಮ ಮನೆಯಿಂದ ಒಬ್ಬರು ಮುಳುಗಿದ್ದು ಸಾಕು." ಹಿಂದೆ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕೆಳಗಿಳಿದರು. ಬೈದುಕೊಂಡೇ ಅವರನ್ನು ಮತ್ತೆ ಹತ್ತಿಸಿಕೊಂಡು ಕಾಬಿಲ್ ದಡದ ಗುಂಟ ಹೊರಟ.

ಅದೇ ವಾರ ನಡುಹಗಲಿನಲ್ಲಿ ಊರಿನ ಕಿಟಕಿಗಳು ಅದುರಿದವು. ಒಂಟೆಮೂತಿಯ ಹತ್ತಿರ ಜೊಂಡು ನೆಟ್ಟಿದ್ದ ಜಾಗವೆಲ್ಲ ಕುಸಿದು ಬಾಯಿ ತೆರೆದಿತ್ತು. ಆ ಚಳಿಯಲ್ಲಿ ನೀರಿನಿಂದ ಹಬೆ ಮನೆಯೆತ್ತರಕ್ಕೆ ಏಳುತ್ತಿತ್ತು. ಕಾಬಿಲ್ ಆ ಸಂಜೆ ಒಂದು ದೊಡ್ಡ ಮೀನು ತಂದು ಆಪಾರ ಬಾಗಿಲಲ್ಲಿಟ್ಟು ಹೋದ. ಜಕ್ಸಿಲಿಕ್ ಆಗಲೂ ಸಿಗಲಿಲ್ಲ.

"ದಿಕ್ಕಿಗೆ ಕಾರಣ ಹೇಳಬಲ್ಲೆ," ಎನ್ನುತ್ತಾರೆ ಆಪಾ. "ಟೊಳ್ಳು ಸದ್ದಿಗೂ ಹೇಳಬಲ್ಲೆ. ಆ ಮಾತಿಗೆ ಮಾತ್ರ ನನ್ನ ಹತ್ರ ಕಾರಣ ಇಲ್ಲ. ಇಲ್ಲ ಅಂತಾನೇ ಮಕ್ಕಳಿಗೆ ಹೇಳಿದೀನಿ. ಒಬ್ಬಳೇ ಹೋದಾಗ ನಾನೂ ಅಲ್ಲಿ ಕೋಲು ಕಚ್ಚಿ ಕೂರ್ತೀನಿ. ನನಗೆ ಗಡ್ಡೆ ಬಿಟ್ರೆ ಬೇರೆ ಏನೂ ಕೇಳಿಸಲ್ಲ."

ಮೋಲ್ದಿರ್‌ಗೆ? ಹಾಸು ಸುತ್ತುತ್ತಿದ್ದ ಹುಡುಗಿಯನ್ನು ಕೇಳುತ್ತೇನೆ. "ಈಗ ಕೇಳಿಸಲ್ಲ," ಎನ್ನುತ್ತಾಳೆ ಅವಳು, ತಲೆಯೆತ್ತದೆ. "ಹೇಳಬೇಕಾದ್ದು ಹೇಳಿ ಆಯ್ತಲ್ಲ."

ಕುಲ್ಯಾಶ್ ಆಪಾರಿಗೆ ದೊಡ್ಡ ಆಸೆಗಳೇನಿಲ್ಲ. ನಮ್ಮ ಸರೋವರ ಪಡುವಣಕ್ಕೆ ಸಿಹಿ, ಮೂಡಣಕ್ಕೆ ಉಪ್ಪು. ಬೇಸಿಗೆಯಲ್ಲಿ ಎರಡೂ ಸೇರುವ ಕಡೆಗೆ ಮಕ್ಕಳನ್ನು ಕರೆದೊಯ್ಯಬೇಕು, ಕಣ್ಣು ಕಟ್ಟಿ ಬೊಗಸೆ ನೀರು ಕುಡಿಸಬೇಕು, ಎಲ್ಲಿ ರುಚಿ ಬದಲಾಯಿತೆಂದು ಅವರ ನಾಲಗೆಯೇ ಹೇಳಬೇಕು. ಇಷ್ಟು ದಿನ ದೋಣಿಯಿರಲಿಲ್ಲ. ಈಗ ಶೋಲ್ಪನ್ ಗಂಡನ ದೋಣಿಯನ್ನು ಹಿತ್ತಲಿನಿಂದ ಹೊರಗೆಳೆದು ಟಾರು ಬಳಿಯುತ್ತಿದ್ದಾಳೆ.

"ಹುಟ್ಟು ಯಾರು ಹಾಕೋದು ಅಂತ ಕೇಳಿದೆ," ಎನ್ನುತ್ತಾರೆ ಆಪಾ. "'ನಾನೇ' ಅಂದ್ಳು. ಮೊದಲ ಬೊಗಸೆ ನೀರೂ ಅವಳೇ ಕುಡೀತಾಳಂತೆ."